ಕಲಬುರಗಿ ಪೈಲಟ್ ಗ್ರೌಂಡ್ ಕ್ಲಾಸ್ ರಿವ್ಯೂ: ಕಾರ್ಬೋರೇಟರ್ ಐಸಿಂಗ್ ಪಾಠ ಒಂದಕ್ಕಾದ್ರೂ ಹೋಗ್ರಿ

ಪೈಲಟ್ ಆಗ್ಬೇಕು ಅನ್ನೋ ಹುಡುಗರು ಹುಡುಗೇರು ನಮ್ಮ ಕಡಿ ಈಗ ಭಾಳ ಆಗ್ಯಾರ. 2019ರ ನವೆಂಬರ್ 22ಕ್ಕ ಕಲಬುರಗಿ ಏರ್‌ಪೋರ್ಟ್ ಶುರು ಆಯ್ತು, ಆಮ್ಯಾಲ ಟ್ರೇನಿಂಗ್ ವಿಮಾನನೂ ಬಂದವು, ಶ್ರೀನಿವಾಸ ಸರಡಗಿ ಕಡಿ ತೊಗರಿ ಹೊಲದಾಗ ನಿಂತು ಮ್ಯಾಲ ನೋಡಿದ್ರ ಸಣ್ಣ ವಿಮಾನ ಸುತ್ತು ಹಾಕೋದು ಕಾಣ್ತದ, ಹಿಂಗಾಗಿ ಸೇಡಂ, ಶಹಾಬಾದ್, ಯಾದಗಿರಿ ಕಡಿಯಿಂದನೂ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಯಾವ ಕ್ಲಾಸ್ ಛಲೋ ಅದ ಅಂತ ಕೇಳೋರು ಹೆಚ್ಚಾಗ್ಯಾರ. ನಾ ಹೋಗಿ ಕಲ್ತ ಗ್ರೌಂಡ್ ಕ್ಲಾಸಿನ (ನೆಲದ ಮ್ಯಾಲ ಕುಂತು ಪರೀಕ್ಷಾಕ್ಕ ಓದೋ ಪಾಠ) ಬಗ್ಗೆ ಪೂರಾ ಬರಿತೀನಿ, ಛಲೋ ಇದ್ದದ್ದೂ ಹೇಳ್ತೀನಿ, ಕಮ್ಮಿ ಇದ್ದದ್ದೂ ಹೇಳ್ತೀನಿ. ಕ್ಲಾಸ್ ನಡ್ಸೋ ಸರ್ ಹೆಸರು ಹಾಕಬ್ಯಾಡ ಅಂತ ಅವರೇ ಅಂದಾರ, ಅದಕ್ಕ ಹಾಕಿಲ್ಲ. ಸೇಡಂ ರೋಡ್ ಕಡಿ ಬಂದು ಪೈಲಟ್ ಕ್ಲಾಸ್ ಎಲ್ಲಿ ಅಂತ ಕೇಳಿದ್ರ ಸಾಕು, ಮೆಡಿಕಲ್ ಅಂಗಡಿ ಮ್ಯಾಲಿನ ಮಾಡಿ ತೋರಸ್ತಾರ.

ಸರ್ ಏರ್‌ಫೋರ್ಸ್ ಟೆಕ್ನಿಕಲ್ ಸೈಡ್‌ನಾಗ ಪೂರಾ ಸರ್ವಿಸ್ ಮುಗಿಸಿ ರಿಟೈರ್ ಆದವರು. ಕಡೀ ಪೋಸ್ಟಿಂಗ್ ಬೀದರ್‌ನಾಗ ಇತ್ತಂತ, ಅಲ್ಲಿ ಹಾಕ್ ಜೆಟ್, ಸೂರ್ಯಕಿರಣ್ ತಂಡದ ವಿಮಾನ ಎಲ್ಲಾ ನೋಡ್ಯಾರ, ಅದರ ಮುಂಚೆ ಪಿಸ್ಟನ್ ಎಂಜಿನ್ ಮ್ಯಾಲ ಕೈ ಕಪ್ಪು ಮಾಡ್ಕೊಂಡವರು. ವಿಮಾನಯಾನದ ಸರ್ಕಾರಿ ಇಲಾಖಿ ಡಿಜಿಸಿಎ ಪರೀಕ್ಷಾದಾಗ ಬರೋ ಏರ್ ನ್ಯಾವಿಗೇಷನ್, ಮೆಟಿಯೊರಾಲಜಿ, ರೆಗ್ಯುಲೇಷನ್, ಟೆಕ್ನಿಕಲ್ ಜನರಲ್ ನಾಕೂ ಇಲ್ಲಿ ಹೇಳಿಕೊಡ್ತಾರ, ಆದ್ರ ಸರ್ ಸ್ವತಃ ತಗೊಳ್ಳೋದು ಟೆಕ್ನಿಕಲ್ ಮತ್ತ ಮೆಟಿಯೊರಾಲಜಿ ಎರಡೇ. ಈ ರಿವ್ಯೂ ಹೆಚ್ಚಾಗಿ ಆ ಎರಡರ ಬಗ್ಗೇನೇ ಅದ, ಅದರಾಗೂ ಒಂದು ಪಾಠದ ಬಗ್ಗೆ.

ಆ ಪಾಠ ಕಾರ್ಬೋರೇಟರ್ ಐಸಿಂಗ್, ಅಂದ್ರ ಹವಾ ಪೆಟ್ರೋಲ್ ಕೂಡ್ಸಿ ಎಂಜಿನ್‌ಗಿ ಕಳ್ಸೋ ಕಾರ್ಬೋರೇಟರ್ ಒಳಗ ಬರ್ಫ್ ಕಟ್ಟೋದು. ಬ್ಯಾರೆ ಕಡಿ ಇದು ಒಂದು ಮಾರ್ಕಿನ ಪ್ರಶ್ನಿ, ನಾಕು ಆಪ್ಷನ್ ಕೊಟ್ಟಿರ್ತಾರ, ಸರಿ ಉತ್ತರ ಬಾಯಿಪಾಠ ಮಾಡ್ಕೋತಾರ, ಮುಂದಿನ ಪ್ರಶ್ನಿಗಿ ಹೋಗ್ತಾರ. ನಾ ಫ್ಲೈಯಿಂಗ್ ಮಾಡ್ಲತ್ತಿರೋ ಜಾಗಾ ಬ್ಯಾರೆ ರಾಜ್ಯದಾಗ ಅದ, ಅಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ನಮ್ಗ ಹೇಳಿದ್ದು ಏನಂದ್ರ ಇಂಡಿಯಾದಾಗ ಐಸ್ ಎಲ್ಲಿ ಆಗ್ತದ, ಕಾರ್ಬ್ ಹೀಟ್ (ಕಾರ್ಬೋರೇಟರ್‌ಗಿ ಬಿಸಿ ಹವಾ ಬಿಡೋ) ನಾಬ್ ಚೆಕ್‌ಲಿಸ್ಟ್‌ನಾಗ ಅದ ಅಂತ ಎಳಿಬೇಕು ಅಷ್ಟೆ. ಹಾರಾಟ ಕಲಿಸೋ ಮನಷ್ಯಾ ಹಿಂಗ ಹೇಳೋದು ಭಾಳ ತಪ್ಪು, ನಾ ಇದನ್ನ ಸಿಟ್ಟಿಲೇನೇ ಬರಿಲತ್ತೀನಿ, ಯಾಕಂದ್ರ ಅವರ ಮಾತು ಕೇಳಿ ಸೋಲೋ ಹೋಗೋ ಹುಡುಗ ಒಬ್ಬನೇ ಇರ್ತಾನ, ಪಕ್ಕದ ಸೀಟ್‌ನಾಗ ಹೇಳ್ಲಾಕ ಯಾರೂ ಇರಲ್ಲ.

ನಮ್ಮ ಕಲಬುರಗಿ ಮಂದಿಗಿ ಈ ವಿಷಯ ನಂಬ್ಸೋದು ಇನ್ನೂ ಕಷ್ಟ. ಮೇ ತಿಂಗಳದಾಗ 43, 44 ಡಿಗ್ರಿ ಬಿಸಲಾಗ ಬೆಂದವರಿಗಿ ಎಂಜಿನ್ ಒಳಗ ಬರ್ಫ್ ಕಟ್ತದ ಅಂದ್ರ ಯಾರು ನಂಬ್ತಾರ. ಸರ್ ಪಾಠ ಶುರು ಮಾಡೋದು ಅಲ್ಲಿಂದಾನೇ. ಬಿಸಲಗಾಲದಾಗ ಮನ್ಯಾಗ ಮಣ್ಣಿನ ಗಡಗಿ ಇಡ್ತೀರಿ, ಹೊರಗ ಬೆಂಕಿ ಸುರಿತಿದ್ರೂ ಗಡಗಿ ನೀರು ಥಣ್ಣಗ ಯಾಕ ಇರ್ತದ ಅಂತ ಕೇಳ್ತಾರ. ಗಡಗಿ ಮೈಯಿಂದ ನೀರು ಆವಿ ಆಗಿ ಹೋಗ್ತದ, ಹೋಗೋವಾಗ ಬಿಸಿ ತಗೊಂಡು ಹೋಗ್ತದ, ಒಳಗಿನ ನೀರು ಥಣ್ಣಗಾಗ್ತದ. ಕಾರ್ಬೋರೇಟರ್ ಒಳಗ ನೀರಿನ ಜಾಗಾದಾಗ ಪೆಟ್ರೋಲ್ ಅದ, ಅದು ನೀರಿಗಿಂತ ಭಾಳ ಜಲ್ದಿ ಆವಿ ಆಗ್ತದ, ಅದೂ ಜೋರಾಗಿ ಓಡೋ ಹವಾದಾಗ. ಅದರ ಸಂಗಾಟ ವೆಂಚುರಿ ಅನ್ನೋ ಸಣ್ಣ ಕುತ್ತಿಗಿ ಒಳಗ ಹವಾ ಹೋಗೋವಾಗ ಒತ್ತಡ ಇಳಿತದ, ಒತ್ತಡ ಇಳಿದ್ರ ಉಷ್ಣನೂ ಇಳಿತದ. ಎರಡೂ ಕೂಡಿ ಒಳಗಿನ ಹವಾ 30 ಡಿಗ್ರಿಗಿಂತ ಹೆಚ್ಚು ಕೆಳಗ ಬೀಳಬಹುದು. ಹೊರಗ 25 ಡಿಗ್ರಿ ಅದ ಅನ್ಕೋರಿ, ಹವಾ ಹೆಚ್ಚು ಕಮ್ಮಿ ಮಾಡೋ ಬಟರ್‌ಫ್ಲೈ ಪ್ಲೇಟ್ ಹತ್ರ ಸೊನ್ನಿಗಿಂತ ಕೆಳಗ ಹೋಯ್ತು. ಆ ಹವಾದಾಗ ತೇವ ಇದ್ರ ಅದು ಲೋಹದ ಮ್ಯಾಲ ಬರ್ಫ್ ಆಗಿ ಕುಂಡ್ರತದ. ಅಮೆರಿಕಾದ ವಿಮಾನಯಾನ ಇಲಾಖಿ ಎಫ್‌ಎಎ ಕೈಪಿಡಿಯಾಗ ಬರೆದದ್ದು ಏನಂದ್ರ 21 ಡಿಗ್ರಿಗಿಂತ ಕಮ್ಮಿ, ಹವಾದಾಗ ತೇವ 80 ಪರ್ಸೆಂಟ್‌ಗಿಂತ ಹೆಚ್ಚು ಇದ್ರ ಐಸಿಂಗ್ ಆಗೋ ಸಂಭವ ಅತೀ ಹೆಚ್ಚು, ಆದ್ರ 38 ಡಿಗ್ರಿ ತನಕ, ತೇವ 50 ಪರ್ಸೆಂಟ್ ಇದ್ರೂ ಆಗಬಹುದು. ಅಂದ್ರ ಹೊರಗ ಮೋಡ ಇರಬೇಕು, ರೆಕ್ಕಿ ಮ್ಯಾಲ ಬರ್ಫ್ ಕಾಣಬೇಕು ಅಂತ ಏನೂ ಇಲ್ಲ, ಆಕಾಶ ಸ್ವಚ್ಛ ಇದ್ದಾಗನೂ ಎಂಜಿನ್ ಉಸಿರು ಕಟ್ತದ.

ಇಷ್ಟು ಯಾರರೆ ಬೋರ್ಡ್ ಮ್ಯಾಲ ಬರೀಬಹುದು. ಈ ಕ್ಲಾಸಿಗಿ ರೊಕ್ಕ ಕೊಡೋದು ಯಾಕಂದ್ರ ಸರ್ ಟೇಬಲ್ ಮ್ಯಾಲ ಖರೇ ಕಾರ್ಬೋರೇಟರ್ ಇಡ್ತಾರ. ಮಾರ್ವೆಲ್ ಶೆಬ್ಲರ್ ಎಂಎ-3ಎಸ್‌ಪಿಎ, ಸೆಸ್ನಾ 150, 152 ಅಂಥ ಸಣ್ಣ ವಿಮಾನದ ಎಂಜಿನ್ ಕೆಳಗ ಕುಂತಿರೋದು ಇದೇ ಜಾತಿದು, ಕೆಲಸಕ್ಕ ಬರದೇ ಇದ್ದದ್ದನ್ನ ತಂದು ಒಂದು ಮಗ್ಗಲು ಗರಗಸದಿಂದ ಕೊಯ್ದು ಒಳಗಿಂದೆಲ್ಲಾ ಕಾಣಂಗ ಮಾಡ್ಯಾರ. ಫ್ಲೋಟ್ ಅದ, ಬೌಲ್ ಅದ, ನಡುವ ಪೆಟ್ರೋಲ್ ಚಿಮ್ಮೋ ನಾಜಲ್ ಅದ, ಅದರ ಮ್ಯಾಲ ಬಟರ್‌ಫ್ಲೈ. ಒಬ್ಬೊಬ್ಬರನ್ನ ಕರ್ದು ಥ್ರಾಟಲ್ ಕಡ್ಡಿ ಕೈಲೇ ಹಿಡ್ಕೊಂಡು ಪೂರಾ ತಗೀರಿ ಅಂತಾರ, ಪ್ಲೇಟ್ ನೆಟ್ಟಗ ನಿಂತು ಆಚೀಚೆ ಬೆರಳು ಹೋಗುವಷ್ಟು ಜಾಗಾ ಆಗ್ತದ. ಈಗ ಐಡಲ್‌ಗಿ ತರ್ರಿ ಅಂತಾರ. ಪ್ಲೇಟ್ ಮಲಗ್ತದ, ಅಂಚಿನಾಗ ಉಳಿಯೋ ಸಂದಿ ನೋಡಿದ್ರ ಎದಿ ಝಲ್ ಅಂತದ, ಪೋಸ್ಟ್‌ಕಾರ್ಡ್ ತುದಿ ತೂರ್ಸಿದ್ರ ತೂರಬಹುದು ಅಷ್ಟೇ. ಆ ಸಂದಿನಾಗ ಬರ್ಫ್ ಕಟ್ಟಲಾಕ ಎಷ್ಟು ಹೊತ್ತು ಬೇಕು ಹೇಳ್ರಿ ಅಂತ ಕೇಳ್ತಾರ, ಯಾರೂ ಉತ್ತರ ಹೇಳಬೇಕಾಗೇ ಇಲ್ಲ. ಪವರ್ ಕಮ್ಮಿ ಮಾಡಿ ಇಳಿಯೋವಾಗನೇ ಐಸಿಂಗ್ ಅತೀ ಅಪಾಯ ಅಂತ ಎಲ್ಲಾ ಕಡಿ ಬರೆದಿರ್ತದ, ಯಾಕ ಅಂತ ನಂಗ ಮನಸಿಗಿ ಹೊಕ್ಕಿದ್ದು ಆ ಸಂದಿ ನೋಡಿದ ದಿನ.

ಆಮ್ಯಾಲ ಕೆಳಗ ಅಂಗಳಕ್ಕ ಕರಕೊಂಡು ಹೋಗ್ತಾರ. ಅಲ್ಲಿ ಸರ್ ಅವರ ಹಳೇ ಬುಲೆಟ್ ಸೆಂಟರ್ ಸ್ಟ್ಯಾಂಡ್ ಮ್ಯಾಲ ನಿಂತಿರ್ತದ, ಕಾರ್ಬೋರೇಟರ್ ಇರೋ ಮಾಡೆಲ್, ಅದರ ಮೈಗಿ ಟೇಪ್ ಹಚ್ಚಿ ಉಷ್ಣ ತೋರ್ಸೋ ವೈರ್ ಅಂಟಿಸಿ ಮೀಟರ್ ನಮ್ಮ ಕೈಗಿ ಕೊಡ್ತಾರ. ಮಳಿ ಬಂದು ಬಿಟ್ಟ ಸಂಜಿ ಇತ್ತು. ಗಾಡಿ ಚಾಲೂ ಮಾಡಿ ಬಿಟ್ರು, ಮೀಟರ್‌ನಾಗ ಡಿಗ್ರಿ ಇಳ್ಕೋತ ಹೋಗೋದು ಎಲ್ಲರೂ ನೋಡಿದ್ವಿ, ಎಂಜಿನ್ ಫಿನ್ಸ್ ಕೈ ಇಡ್ಲಾಕ ಆಗದಷ್ಟು ಸುಡ್ಲತ್ತಾವ, ಅದರ ಹಿಂದೆ ಒಂದು ಗೇಣು ದೂರದಾಗ ಕಾರ್ಬೋರೇಟರ್ ಮೈ ಮ್ಯಾಲ ನೀರು ಹನಿ ಕಟ್ಟಿ ತೊಟ್ಟಿಕ್ಲತ್ತದ. ಒಬ್ಬಕಿ ಹುಡುಗಿ ಮುಟ್ಟಿ ನೋಡಿ ಫ್ರಿಜ್ಜಿಂದ ತೆಗ್ದಂಗ ಅದ ಸರ್ ಅಂದ್ಳು. ಇದು ಹೊರಗಿನ ಮೈ, ಒಳಗ ಪೆಟ್ರೋಲ್ ಚಿಮ್ಮೋ ಜಾಗಾ ಇನ್ನೂ ಥಂಡಿ ಇರ್ತದ ಅಂದ್ರು ಸರ್. ಇಷ್ಟೇ ಪ್ರಯೋಗ, ಖರ್ಚು ಏನೂ ಇಲ್ಲ, ಆದ್ರ ಆ ದಿನದ ಮ್ಯಾಲ ನಮ್ಮ ಬ್ಯಾಚ್‌ನಾಗ ಇಂಡಿಯಾದಾಗ ಐಸ್ ಎಲ್ಲಿ ಅಂತ ಯಾರೂ ಕೇಳಿಲ್ಲ.

ಮೆಟಿಯೊರಾಲಜಿ ಕ್ಲಾಸ್‌ನಾಗ ಇದನ್ನೇ ನಮ್ಮ ಊರಿನ ಹವಾಮಾನಕ್ಕ ಜೋಡ್ಸಿ ಕಲಿಸ್ತಾರ, ನಂಗ ಎಲ್ಲಾಕ್ಕಿಂತ ಹೆಚ್ಚು ಸೇರಿದ್ದು ಇದೇ. ಬ್ರಿಟನ್‌ನ ವಿಮಾನಯಾನ ಇಲಾಖಿ ಸಿಎಎದವರು ಪಿಸ್ಟನ್ ಎಂಜಿನ್ ಐಸಿಂಗ್ ಬಗ್ಗೆ ತಗ್ದಿರೋ ಸೇಫ್ಟಿ ಸೆನ್ಸ್ ಲೀಫ್ಲೆಟ್ ಅದ, ಅದರಾಗಿನ ಚಾರ್ಟ್ ಎಲ್ಲರಿಗೂ ಝೆರಾಕ್ಸ್ ಕೊಡ್ತಾರ, ಒಂದು ಕಡಿ ಹೊರಗಿನ ಉಷ್ಣ, ಇನ್ನೊಂದು ಕಡಿ ಡ್ಯೂ ಪಾಯಿಂಟ್ (ಹವಾದಾಗಿನ ತೇವ ಹನಿ ಕಟ್ಟಲಾಕ ಶುರು ಆಗೋ ಉಷ್ಣ), ಎರಡೂ ಗೆರಿ ಕೂಡೋ ಜಾಗಾ ಯಾವ ಪಟ್ಟಿದಾಗ ಬೀಳ್ತದ ನೋಡಬೇಕು. ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ, ಡ್ಯೂ ಪಾಯಿಂಟ್ 12 ಹಾಕಿ ನೋಡಿದ್ರ ತೇವ 16 ಪರ್ಸೆಂಟ್ ಆಸುಪಾಸು ಬರ್ತದ, ಐಸಿಂಗ್ ಚಿಂತಿ ಇಲ್ಲ. ಜುಲೈ ಮುಂಜಾನಿ 24 ಡಿಗ್ರಿ, ಡ್ಯೂ ಪಾಯಿಂಟ್ 22 ಹಾಕ್ರಿ, ತೇವ 90ರ ಹತ್ರ, ಇಳಿಯೋ ಪವರ್‌ನಾಗ ಸೀರಿಯಸ್ ಅಂತ ಬರ್ತದ. ಡಿಸೆಂಬರ್ ಮುಂಜಾನಿ 16 ಮತ್ತ 13 ಹಾಕ್ರಿ, ಅದೂ ಸೀರಿಯಸ್ ಪಟ್ಟಿಗೇ ಬೀಳ್ತದ. ಅಂದ್ರ ನಮ್ಮ ಕಲಬುರಗಿದಾಗನೇ, ತೊಗರಿ ಬಿತ್ತಿ ಮಳಿ ಹಿಡಿದ ದಿನ ಮತ್ತ ಚಳಿಗಾಲದ ಮಂಜು ಬಿದ್ದ ಮುಂಜಾನಿ, ಟ್ರೇನಿಂಗ್ ಹಾರಾಟ ಹೆಚ್ಚಾಗಿ ನಡಿಯೋ ಹೊತ್ತಿನಾಗೇ ಕಾರ್ಬೋರೇಟರ್ ಐಸಿಂಗ್ ಆಗೋ ಹವಾ ಇರ್ತದ. ಅದರ ಮ್ಯಾಲ ಪ್ರತಿ 1000 ಅಡಿಗಿ ಸುಮಾರು 2 ಡಿಗ್ರಿ ಇಳಿತದ ಅನ್ನೋದು ಸೇರ್ಸಿ ಲೆಕ್ಕ ಮಾಡ್ರಿ, ನೆಲದ ಮ್ಯಾಲಿನ ನಂಬರ್ ನೋಡಿ ಸುಮ್ನ ಕುಂಡ್ರಬ್ಯಾಡ್ರಿ ಅಂತಾರ. ದಿನಾ ಕ್ಲಾಸ್ ಶುರು ಆಗೋ ಮುಂದ ಒಬ್ಬರು ಆವತ್ತಿನ ಉಷ್ಣ, ಡ್ಯೂ ಪಾಯಿಂಟ್ ಬೋರ್ಡ್ ಮ್ಯಾಲ ಬರಿಬೇಕು, ಇನ್ನೊಬ್ಬರು ಚಾರ್ಟ್ ಓದಬೇಕು, ಅದು ಅಭ್ಯಾಸ ಆಗಿ ಹೋಗ್ಯದ, ಈಗ ನಾ ಹಾರಾಕ ಹೋಗೋ ಮುಂಚೆ ಮೆಟಾರ್ (ಏರ್‌ಪೋರ್ಟ್ ಹವಾಮಾನ ವರದಿ) ನೋಡಿದ ಕೂಡಲೇ ಎರಡು ನಂಬರ್ ನಡುವಿನ ಅಂತರ ತಾನೇ ಕಣ್ಣಿಗಿ ಬೀಳ್ತದ.

ಲಕ್ಷಣ ಗುರ್ತ ಹಿಡಿಯೋದು ಕಲ್ಸೋ ರೀತಿನೂ ಛಲೋ ಅದ. ಸೆಸ್ನಾ 152 ಅಂಥ ಫಿಕ್ಸೆಡ್ ಪಿಚ್ (ರೆಕ್ಕಿ ಕೋನ ಬದಲಾಗದ) ಪ್ರೊಪೆಲರ್ ಇದ್ರ ಮೊದ್ಲು ಆರ್‌ಪಿಎಂ (ನಿಮಿಷಕ್ಕ ಎಂಜಿನ್ ಎಷ್ಟು ಸುತ್ತು ತಿರುಗ್ತದ ಅನ್ನೋ ಲೆಕ್ಕ) ಇಳಿತದ, ಕೋನ ತಾನೇ ಬದಲಾಗೋ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್ ಇದ್ರ ಆರ್‌ಪಿಎಂ ಹಂಗೇ ಇರ್ತದ, ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ ಒಳಗ ಹೋಗೋ ಹವಾದ ಒತ್ತಡ) ಇಳಿತದ. ಸಮಸ್ಯಾ ಏನಂದ್ರ ಅದು ಒಮ್ಮೆಲೇ ಇಳಿಯಲ್ಲ, ಕಳ್ಳಹೆಜ್ಜಿಲೇ ಇಳಿತದ, ಪೈಲಟ್ ತನಗ ಗೊತ್ತಾಗದಂಗ ಥ್ರಾಟಲ್ ಸ್ವಲ್ಪ ಮುಂದ ಒತ್ತತಾನ, ಮತ್ತ ಇಳಿತದ, ಮತ್ತ ಒತ್ತತಾನ. ಕ್ಲಾಸ್‌ನಾಗ ಒಂದು ಕಂಪ್ಯೂಟರ್ ಸಿಮ್ಯುಲೇಟರ್ ಅದ, ದೊಡ್ಡದೇನಲ್ಲ, ಒಂದು ಯೋಕ್ (ವಿಮಾನದ ಸ್ಟೀರಿಂಗ್), ಒಂದು ಥ್ರಾಟಲ್, ಸರ್ ಹಿಂದ ನಿಂತು ನಮ್ಗ ಹೇಳ್ದೇ ಐಸಿಂಗ್ ಹಚ್ತಾರ. ನಾವು ರೇಡಿಯೋ ಮಾತಾಡ್ಲತ್ತಿರ್ತೀವಿ, ಮ್ಯಾಪ್ ನೋಡ್ಲತ್ತಿರ್ತೀವಿ, ಆರ್‌ಪಿಎಂ 2400 ಇದ್ದದ್ದು 2300 ಆಗಿ 2200 ಆಗಿರ್ತದ. ಯಾರು ಜಲ್ದಿ ಹಿಡಿತಾರ ನೋಡ್ತಾರ. ಕಣ್ಣು ಮುಚ್ಚಿಸಿ ಬರೇ ಸಪ್ಪಳ ಕೇಳ್ಸೋದೂ ಮಾಡ್ತಾರ, ಎಂಜಿನ್ ಸಪ್ಪಳ ಬದಲಾಗೋದು ಮೊದ್ಲ ಕಿವಿಗೇ ಗೊತ್ತಾಗ್ತದ, ಗೇಜ್ ನೋಡೋದು ಆಮ್ಯಾಲ.

ಇನ್ನ ಮದ್ದು. ಕಾರ್ಬ್ ಹೀಟ್ ನಾಬ್ ಎಳೆದ್ರ ಎಕ್ಸಾಸ್ಟ್ ಪೈಪ್ ಸುತ್ತ ಬಿಸಿ ಆಗಿರೋ ಹವಾ ಕಾರ್ಬೋರೇಟರ್‌ಗಿ ಹೋಗ್ತದ. ಬಿಸಿ ಹವಾ ಹಗುರ ಇರ್ತದ, ಮಿಕ್ಸ್ಚರ್ ರಿಚ್ ಆಗ್ತದ, ಅಂದ್ರ ಹವಾ ಕಮ್ಮಿ ಆಗಿ ಪೆಟ್ರೋಲ್ ಪಾಲು ಹೆಚ್ಚಾಗ್ತದ, ಪವರ್ 15 ಪರ್ಸೆಂಟ್ ತನಕ ಕಮ್ಮಿ ಆಗಬಹುದು, ಆದ್ದರಿಂದ ನಾಬ್ ಎಳೆದ ಕೂಡಲೇ ಆರ್‌ಪಿಎಂ ಇನ್ನೂ ಇಳಿತದ. ಬರ್ಫ್ ಇದ್ರ ಅದು ಕರಗಿ ನೀರಾಗಿ ಎಂಜಿನ್ ಒಳಗ ಹೋಗ್ತದ, ಎಂಜಿನ್ ಕೆಮ್ಮತದ, ನಡುಗ್ತದ, ವಿಮಾನ ಪೂರಾ ಅಲುಗಾಡ್ತದ. ಹೊಸಬರು ಹೆದರಿ ನಾಬ್ ವಾಪಸ್ ಒತ್ತಿ ಬಿಡೋದು ಇಲ್ಲೇ. ಸರ್ ಇದನ್ನ ಎಷ್ಟು ಸಲ ಹೇಳ್ತಾರಂದ್ರ ಬ್ಯಾಚ್‌ನ ಹುಡುಗರಿಗಿ ನಿದ್ದಿದಾಗ ಎಬ್ಬಿಸಿ ಕೇಳಿದ್ರೂ ಹೇಳ್ತಾರ: ಪೂರಾ ಎಳಿ, ಅರ್ಧಾ ಎಳಿಬ್ಯಾಡ, ನಡುಗಿದ್ರೂ ಬಿಡಬ್ಯಾಡ, ಆರ್‌ಪಿಎಂ ತಿರುಗಿ ಏರೋ ತನಕ ಹಿಡ್ಕೋ. ಅರ್ಧಾ ಎಳೆದ್ರ ಏನಾಗ್ತದ ಅಂದ್ರ ಬರ್ಫ್ ಆಗ್ಲಾರದಷ್ಟು ಥಂಡಿ ಇದ್ದ ಹವಾ ಬರೋಬ್ಬರಿ ಬರ್ಫ್ ಆಗೋ ಉಷ್ಣಕ್ಕ ಬಂದು ನಿಲ್ಲಬಹುದು, ಕಾರ್ಬೋರೇಟರ್ ಉಷ್ಣದ ಗೇಜ್ ಇದ್ದವರು ಮಾತ್ರ ಅರ್ಧಾ ಬಳಸಬೇಕು.

ಒಂದು ಮಾತು ನಾ ಬ್ಯಾರೆ ಎಲ್ಲೂ ಇಷ್ಟು ಸ್ವಚ್ಛಾಗಿ ಕೇಳಿರಲಿಲ್ಲ. ಬಿಸಿ ಬರೋದು ಎಕ್ಸಾಸ್ಟ್‌ನಿಂದ, ಎಂಜಿನ್ ಬಂದ್ ಆದ್ರ ಎಕ್ಸಾಸ್ಟ್ ಆರಿ ಹೋಗ್ತದ, ಆಮ್ಯಾಲ ನಾಬ್ ಎಳೆದ್ರೂ ಥಣ್ಣನ ಹವಾನೇ ಬರ್ತದ. ಅಂದ್ರ ಮದ್ದು ಕೆಲಸ ಮಾಡೋದು ರೋಗ ಶುರು ಆದಾಗ ಮಾತ್ರ. ಸೆಸ್ನಾ 152ದ ಎಂಜಿನ್ ನಿಂತಾಗಿನ ಚೆಕ್‌ಲಿಸ್ಟ್‌ನಾಗ 60 ನಾಟ್ ಸ್ಪೀಡ್ ಹಿಡಿದ ಕೂಡಲೇ ಕಾರ್ಬ್ ಹೀಟ್ ಬರೋದು ಇದಕ್ಕೇ, ಉಳಿದಿರೋ ಬಿಸಿ ಹೋಗೋದರಾಗ ಎಳಿಬೇಕು, ಫ್ಯೂಯೆಲ್ ವಾಲ್ವ್, ಮಿಕ್ಸ್ಚರ್, ಸ್ಪಾರ್ಕ್ ಕೊಡೋ ಮ್ಯಾಗ್ನೆಟೋ ಎಲ್ಲಾ ಅದರ ನಂತರ. ಇಳಿಯೋವಾಗನೂ ಹಂಗೇ, ಪವರ್ ಕಮ್ಮಿ ಮಾಡೋ ಮುಂಚೆ ಹೀಟ್, ಆಮ್ಯಾಲ ಥ್ರಾಟಲ್.

ಇದು ನಂಗ ಕೈಗಿ ಬಂದದ್ದೂ ಬರಿಬೇಕು. ಕ್ಲಾಸ್ ಮುಗಿಸಿ ವಾಪಸ್ ಹೋದ ಮ್ಯಾಲ ಒಂದು ಮಳಿಗಾಲದ ಮುಂಜಾನಿ, ಮೋಡ ಮ್ಯಾಲೆತ್ತರದಾಗ ಇದ್ವು, ಕೆಳಗ ಎಲ್ಲಾ ಹಸಿ, ಉಷ್ಣ ಮತ್ತ ಡ್ಯೂ ಪಾಯಿಂಟ್ ನಡುವ ಎರಡೇ ಡಿಗ್ರಿ. ಸಿಂಗಲ್ ಎಂಜಿನ್ 152, ನಾ ಒಬ್ಬನೇ ಇದ್ದೆ. ಕ್ರೂಸ್‌ನಾಗ ಸಪ್ಪಳ ಸ್ವಲ್ಪ ಮಂದ ಆದಂಗ ಅನಿಸ್ತು, ನೋಡಿದ್ರ ನಾ ಇಟ್ಟ ಜಾಗಾದಿಂದ ಆರ್‌ಪಿಎಂ ಇಳಿದದ, ಥ್ರಾಟಲ್ ಜರಗದಂಗ ಹಿಡಿಯೋ ಫ್ರಿಕ್ಷನ್ ಬಿಗಿನೇ ಅದ, ಎತ್ತರ ಬದಲಾಗಿಲ್ಲ. ಕಾರ್ಬ್ ಹೀಟ್ ನಾಬ್ ಪೂರಾ ಎಳೆದೆ. ಎಂಜಿನ್ ಎರಡು ಸಲ ಜೋರಾಗಿ ಕೆಮ್ಮಿತು, ಡ್ಯಾಶ್‌ಬೋರ್ಡ್ ನಡುಗ್ತು, ಕೈ ನಾಬ್ ಮ್ಯಾಲೇ ಇಟ್ಟು ಹೊರಗ ಇಳಿಲಾಕ ಹೊಲ ನೋಡ್ಕೋತ ಕುಂತೆ, ಸ್ವಲ್ಪ ಹೊತ್ತಿಗಿ ಸೂಜಿ ತಿರುಗಿ ಏರ್ತು, ಮುಂಚಿಗಿಂತ ಮ್ಯಾಲ ಹೋಗಿ ನಿಂತ್ತು. ಆ ಕೆಮ್ಮು ಬರ್ತದ ಅಂತ ಮೊದ್ಲೇ ಗೊತ್ತಿದ್ದಕ್ಕ ಕೈ ಅಲ್ಲಾಡಲಿಲ್ಲ. ನೆಲಕ್ಕ ಬಂದು ಸರ್‌ಗಿ ಫೋನ್ ಮಾಡಿದೆ, ಅವರು ಕೇಳಿದ ಮೊದಲ ಪ್ರಶ್ನಿ ಹೀಟ್ ತಗ್ದ ಮ್ಯಾಲ ಎಷ್ಟು ಆರ್‌ಪಿಎಂ ಇತ್ತು ಅನ್ನೋದು.

ಬರೇ ಐಸಿಂಗ್ ಅಲ್ಲ, ಎಂಜಿನ್ ತ್ರಾಸು ಉಳಿದದ್ದೂ ಇದೇ ಅಕ್ಕರಿಲೇ ಹೇಳ್ತಾರ. ನೆಲದ ಮ್ಯಾಲ ಟ್ಯಾಕ್ಸಿ ಮಾಡೋವಾಗ ಹೀಟ್ ಎಳೆದು ಓಡಾಡಬ್ಯಾಡ್ರಿ ಅಂತಾರ, ಯಾಕಂದ್ರ ಆ ಹವಾ ಫಿಲ್ಟರ್ ಇಲ್ಲದೇ ಹೋಗ್ತದ, ನಮ್ಮ ಕಡಿ ಕರಿ ಮಣ್ಣಿನ ಧೂಳು ಎಂಜಿನ್ ಒಳಗ ಹೋದ್ರ ಸಿಲಿಂಡರ್ ಸವಿತದ, ಚೆಕ್ ಮಾಡಿ ವಾಪಸ್ ಒತ್ರಿ. ರನ್ ಅಪ್‌ನಾಗ (ಹಾರೋ ಮುಂಚಿನ ಎಂಜಿನ್ ಚೆಕ್) 1700 ಆರ್‌ಪಿಎಂ ಇಟ್ಟು ಹೀಟ್ ಎಳೆದಾಗ ಆರ್‌ಪಿಎಂ ಇಳಿಲೇಬೇಕು, ಇಳಿದಿಲ್ಲ ಅಂದ್ರ ಕೇಬಲ್ ಕಿತ್ತದ ಇಲ್ಲಾ ಬಿಸಿ ಹವಾ ಬಿಡೋ ಫ್ಲಾಪ್ ಸಿಕ್ಕೊಂಡದ, ಆ ವಿಮಾನ ಆವತ್ತು ಹಾರಬಾರದು. ಇಳಿದು ಮತ್ತ ತಾನೇ ಏರಿದ್ರ ನೆಲದ ಮ್ಯಾಲೇ ಬರ್ಫ್ ಇತ್ತು ಅಂತ ಅರ್ಥ. ಮ್ಯಾಗ್ನೆಟೋ ಒಂದೊಂದೇ ಬಂದ್ ಮಾಡಿದಾಗ 152ದಾಗ ಆರ್‌ಪಿಎಂ 125ಕ್ಕಿಂತ ಹೆಚ್ಚು ಇಳಿಬಾರದು, ಎರಡರ ನಡುವ ಫರಕ್ 50ಕ್ಕಿಂತ ಹೆಚ್ಚು ಇರಬಾರದು. ಮಳಿಗಾಲದಾಗ ಟ್ಯಾಂಕ್ ತಳದಿಂದ ಪೆಟ್ರೋಲ್ ತಗ್ದು ಬಾಟಲಿದಾಗ ನೋಡಬೇಕು, ವಿಮಾನದ ಪೆಟ್ರೋಲ್ 100ಎಲ್‌ಎಲ್ ತೆಳು ನೀಲಿ ಇರ್ತದ, ತಳದಾಗ ನೀರಿನ ಗುಳ್ಳಿ ಕಂಡ್ರ ಸ್ವಚ್ಛ ಬರೋ ತನಕ ತಗಿಬೇಕು. ಕಾಂಟಿನೆಂಟಲ್ ಓ-200 ಇರೋ ಹಳೇ ಸೆಸ್ನಾ 150ಕ್ಕ ಐಸಿಂಗ್ ಜಾಸ್ತಿ, ಲೈಕಮಿಂಗ್ ಓ-235 ಇರೋ 152ಕ್ಕ ಅದಕ್ಕಿಂತ ಕಮ್ಮಿ, ಯಾಕಂದ್ರ ಲೈಕಮಿಂಗ್‌ನಾಗ ಕಾರ್ಬೋರೇಟರ್ ಬಿಸಿ ಆಯಿಲ್ ಸಂಪ್‌ಗಿ ಅಂಟಿಕೊಂಡಿರ್ತದ, ಕಮ್ಮಿ ಅಂದ್ರ ಇಲ್ಲವೇ ಇಲ್ಲ ಅಂತ ತಿಳಿಬ್ಯಾಡ್ರಿ.

ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ಹಾರ್ಸೋರು ನಮಗ್ಯಾಕ ಇದು ಅಂತ ಕೇಳ್ತಾರ. ಅವರಿಗಿ ಕಾರ್ಬೋರೇಟರ್ ಇಲ್ಲ, ಖರೆ, ಆದ್ರ ಹವಾ ಒಳಗ ಹೋಗೋ ಬಾಯಿ, ಫಿಲ್ಟರ್ ಮ್ಯಾಲ ಬರ್ಫ್ ಕಟ್ಟಬಹುದು, ಅದಕ್ಕೇ ಆಲ್ಟರ್ನೇಟ್ ಏರ್, ಅಂದ್ರ ಹವಾಕ್ಕ ಇನ್ನೊಂದು ದಾರಿ, ಇರೋದು. ಅದರ ಜೊತಿಗಿ ನಮ್ಮ ಬಿಸಲಾಗ ಇಂಜೆಕ್ಷನ್ ಲೈನ್ ಒಳಗ ಪೆಟ್ರೋಲ್ ಆವಿ ಆಗಿ ಎಂಜಿನ್ ಸ್ಟಾರ್ಟ್ ಆಗದೇ ಸತಾಯ್ಸೋದು ದಿನದ ಮಾತು. ಸರ್ ಇಲ್ಲಿ ಎಚ್‌ಪಿಟಿ-32 ದೀಪಕ್ ಬಗ್ಗೆ ಹೇಳ್ತಾರ, ಎಚ್‌ಎಎಲ್ ಮಾಡಿದ ಏರ್‌ಫೋರ್ಸ್ ಟ್ರೇನರ್, 260 ಎಚ್‌ಪಿ ಇಂಜೆಕ್ಷನ್ ಲೈಕಮಿಂಗ್ ಎಂಜಿನ್, ನಡು ಹವಾದಾಗ ಎಂಜಿನ್ ಬಂದ್ ಆಗೋ ಸಮಸ್ಯಾ ಬಗೆಹರಿಯಲೇ ಇಲ್ಲ, 2009ರ ಜುಲೈದಾಗ ಆದ ಅಪಘಾತದ ನಂತರ ಅದರ ಹಾರಾಟ ನಿಲ್ಸಿದ್ರು. ಆ ವಿಮಾನದಾಗ ಜೀವ ಕಳ್ಕೊಂಡ ಪೈಲಟ್‌ಗಳ ಬಗ್ಗೆ ಮಾತಾಡೋವಾಗ ಸರ್ ದನಿ ಸಣ್ಣ ಆಗ್ತದ, ಕ್ಲಾಸ್‌ನಾಗ ಯಾರೂ ಫೋನ್ ಮುಟ್ಟಲ್ಲ. ಬಿಸಲಿನ ಲೆಕ್ಕನೂ ಮಾಡ್ಸ್ತಾರ, ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1500 ಅಡಿ ಮ್ಯಾಲ ಅದ, 44 ಡಿಗ್ರಿ ಇದ್ದಾಗ ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಲಿಗಿ ತೆಳು ಆದ ಹವಾದಾಗ ವಿಮಾನಕ್ಕ ಅನಿಸೋ ಎತ್ತರ) 5000 ಅಡಿ ದಾಟ್ತದ, ಹಂತಾ ಹವಾದಾಗ ಸಣ್ಣ ಎಂಜಿನ್‌ಗಿ ಏರೋ ಶಕ್ತಿ ಎಷ್ಟು ಉಳಿತದ ಅಂತ ಪುಸ್ತಕದ ಟೇಬಲ್ ತಗ್ದು ನಾವೇ ಲೆಕ್ಕ ಹಾಕಬೇಕು.

ಎಂಜಿನ್ ನಿಂತೇ ಹೋದ್ರ ಎಲ್ಲಿ ಇಳಿಬೇಕು ಅನ್ನೋ ಪಾಠಕ್ಕ ಜಿಲ್ಲಾದ ನಕ್ಷಾ ಗೋಡಿ ಮ್ಯಾಲ ಹಾಕ್ತಾರ. ಶಹಾಬಾದ್ ಕಡಿ ಕಲ್ಲಿನ ಖಣಿ ಇರ್ತಾವ, ಮ್ಯಾಲಿಂದ ಸಪಾಟ ಕಾಣ್ತದ, ಹತ್ರ ಹೋದಾಗ ಆಳ ಗೊತ್ತಾಗ್ತದ. ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಚಿಮಣಿ, ಅದಕ್ಕ ಹೋಗೋ ಕರೆಂಟಿನ ತಂತಿ. ಮಳಿಗಾಲದಾಗ ಕರಿ ಮಣ್ಣಿನ ಹೊಲದಾಗ ಇಳಿದ್ರ ಮುಂದಿನ ಗಾಲಿ ಹುಗಿದು ವಿಮಾನ ಮುಗ್ಗರಿಸಬಹುದು, ದೀಪಾವಳಿ ಆದ ಮ್ಯಾಲ ತೊಗರಿ ಆಳೆತ್ತರ ನಿಂತಿರ್ತದ, ರಾಶಿ ಆಗಿ ಹೊಲ ಖಾಲಿ ಆದ ಮ್ಯಾಲ ಜಾಗಾ ಸಿಗ್ತದ. ರೈತರ ಮನಿ ಮಕ್ಕಳು ಬ್ಯಾಚ್‌ನಾಗ ಇದ್ರ ಈ ಪಾಠದಾಗ ಅವರೇ ಮುಂದ, ಯಾವ ತಿಂಗಳದಾಗ ಯಾವ ಹೊಲ ಹೆಂಗಿರ್ತದ ಅಂತ ಅವರಿಗಿ ಹೇಳಿಕೊಡಬೇಕಾಗಿಲ್ಲ.

ಈಗ ಕಮ್ಮಿ ಇರೋದು. ರೆಗ್ಯುಲೇಷನ್ ಕ್ಲಾಸ್ ತಗೊಳ್ಳೋರು ಬ್ಯಾರೆ, ಅವರು ಸ್ಲೈಡ್ ಓದಿ ಹೋಗ್ತಾರ, ಪ್ರಶ್ನಿ ಕೇಳಿದ್ರ ಮನ್ಯಾಗ ಓದ್ಕೋರಿ ಅಂತಾರ, ಡಿಜಿಸಿಎ ಪರೀಕ್ಷಾದಾಗ ಪಾಸ್ ಆಗ್ಲಾಕ 70 ಪರ್ಸೆಂಟ್ ಬೇಕು, ಈ ಕ್ಲಾಸ್ ನಂಬ್ಕೊಂಡು ರೆಗ್ಯುಲೇಷನ್ ಪಾಸ್ ಆಗೋದು ಕಷ್ಟ, ನೀವೇ ಓದಬೇಕು. ನ್ಯಾವಿಗೇಷನ್ ಪರವಾಗಿಲ್ಲ, ಲೆಕ್ಕ ಇನ್ನೂ ಜಾಸ್ತಿ ಬಿಡಿಸಬೇಕಿತ್ತು. ನೋಟ್ಸ್ ಎಲ್ಲಾ ಇಂಗ್ಲಿಷ್‌ನಾಗ ಅವ, ಝೆರಾಕ್ಸ್‌ನ ಝೆರಾಕ್ಸ್, ಕೆಲವು ಚಾರ್ಟ್‌ನಾಗ ಗೆರಿ ಕಾಣಲ್ಲ, ಐಸಿಂಗ್ ಚಾರ್ಟ್ ಒಂದನ್ನಾದ್ರೂ ಬಣ್ಣದಾಗ ಕೊಡಬೇಕು, ಪಟ್ಟಿಗಳು ಬ್ಯಾರೆ ಬ್ಯಾರೆ ತಿಳಿಬೇಕಲ್ಲ. ಪಾಠ ಮಾತ್ರ ಕನ್ನಡ, ಹಿಂದಿ ಎರಡೂ ಕೂಡ್ಸಿ ಹೇಳ್ತಾರ, ಕನ್ನಡ ಮೀಡಿಯಂ ಓದಿ ಬಂದವರಿಗಿ ಇದು ಭಾಳ ದೊಡ್ಡ ಆಸರಾ. ಕರೆಂಟ್ ಹೋದ್ರ ಸಿಮ್ಯುಲೇಟರ್ ಬಂದ್, ಇನ್ವರ್ಟರ್ ಬರೇ ಫ್ಯಾನ್ ಲೈಟಿಗಿ ಸಾಕಾಗ್ತದ. ಬಿಸಲಗಾಲದಾಗ ಮ್ಯಾಲಿನ ಮಾಡಿ ರೂಮು ಕಾದ ಹಂಚಿನಂಗ ಆಗ್ತದ, ಕೂಲರ್ ಒಂದೇ ಅದ, ಹಿಂದ ಕುಂತವರಿಗಿ ಹವಾ ಬರಲ್ಲ. ಹೊರಗಿನ ಊರಿಂದ ಬರೋ ಹುಡುಗೇರಿಗಿ ಹತ್ರ ಪಿಜಿ ಸಿಗೋದು ಕಷ್ಟ, ಮೊದ್ಲೇ ವ್ಯವಸ್ಥಾ ಮಾಡ್ಕೊಂಡು ಬರ್ರಿ.

ಫೀಸ್ ಬಗ್ಗೆ ಹೇಳಬೇಕಂದ್ರ ದಿಲ್ಲಿ, ಬೆಂಗಳೂರು ಕಡಿ ಕೇಳೋದರ ಅರ್ಧಾನೂ ಇಲ್ಲ, ಕಂತಿನಾಗ ಕೊಡ್ಲಾಕ ಬಿಡ್ತಾರ, ಒಂದು ಸಬ್ಜೆಕ್ಟ್ ಬೇಕಂದ್ರ ಒಂದೇ ತಗೋಬಹುದು. ನನ್ನ ಪ್ರಕಾರ ಟೆಕ್ನಿಕಲ್ ಮತ್ತ ಮೆಟಿಯೊರಾಲಜಿ ಎರಡೇ ಇಲ್ಲಿ ತಗೋರಿ, ಉಳಿದದ್ದು ಆನ್‌ಲೈನ್ ನೋಡ್ಕೋರಿ. ಆ ಎರಡಕ್ಕ ಐದಕ್ಕ ಐದು ಸ್ಟಾರ್, ಪೂರಾ ಕ್ಲಾಸಿಗಿ ಅಂದ್ರ ಐದಕ್ಕ ನಾಕು.

ಪಾಸ್ ಆಗಿ ಹೋದ ಹಳೇ ಹುಡುಗರೂ ಕಾರ್ಬೋರೇಟರ್ ಪಾಠದ ದಿನ ಬಂದು ಕುಂಡ್ರಬಹುದು, ಅದಕ್ಕ ರೊಕ್ಕ ತಗೊಳ್ಳಲ್ಲ, ಈಗಾಗ್ಲೇ ಹಾರ್ಲತ್ತಿರೋರು ರಜಾಕ್ಕ ಊರಿಗಿ ಬಂದಾಗ ಫೋನ್ ಮಾಡಿ ಕೇಳ್ರಿ. ಬ್ಯಾಚ್ ಜೂನ್ ಕಡೀಗೊಂದು, ಜನವರಿಗೊಂದು ಶುರು ಆಗ್ತದ. ಆರಿಸ್ಕೊಳ್ಳೋ ಅವಕಾಶ ಇದ್ರ ಜೂನ್ ಬ್ಯಾಚ್‌ಗೇ ಸೇರ್ರಿ, ಯಾಕಂದ್ರ ಜನವರಿ ಬ್ಯಾಚ್‌ನಾಗ ಆ ಪಾಠ ಬರೋ ಹೊತ್ತಿಗಿ ಮಾರ್ಚ್ ಆಗಿರ್ತದ, ಹವಾ ಒಣಗಿರ್ತದ, ಬುಲೆಟ್ ಎಷ್ಟು ಹೊತ್ತು ಚಾಲೂ ಇಟ್ರೂ ಕಾರ್ಬೋರೇಟರ್ ಮ್ಯಾಲ ಒಂದು ಹನಿನೂ ಕಟ್ಟಲ್ಲ.